ಕೆಂಪು ಬಣ್ಣವಿಲ್ಲದ ಚಿತ್ರ

2025ರ ಡಿಸೆಂಬರ್ 13, ಶನಿವಾರ. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಮಣಿಪಾಲ ಠಾಣೆಯೊಳಗೆ ಏದುಸಿರು ಬಿಡುತ್ತ ಬಂದ ಹೆಂಗಸೊಬ್ಬಳು ಎದುರಿನ ಮೇಜಿನ ಮೇಲೆ ಎರಡೂ ಕೈ ಊರಿ, "ಕೊಂದುಬಿಟ್ಟಿದ್ದಾರೆ, ಪೂರ್ತಿ ಕೊಂದುಬಿಟ್ಟಿದ್ದಾರೆ" ಎಂದಳು.

ಹೆಡ್ ಕಾನ್‌ಸ್ಟೆಬಲ್ ಸರಸ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. "ಯಾರನ್ನು? ಎಲ್ಲಿ?"

"ನನ್ನ ಪೇಂಟಿಂಗನ್ನು."

ಸರಸ ಮತ್ತೆ ಕುಳಿತಳು. ಕಾಪು ಕಡಲ ಬದಿಯ ಮೀನುಗಾರರ ಮನೆಯ ಹೆಣ್ಣು ಅವಳು. ಇಲಾಖೆಯಲ್ಲಿ ಕೂದಲು ನರೆತಿತ್ತು, ಬಾಯಿ ಮಾತ್ರ ಇನ್ನೂ ಚುರುಕಾಗಿಯೇ ಇತ್ತು. "ಹೀಗೆ ಹೇಳಿದರೆ ನಮ್ಮ ಜೀವ ಹೋಗ್ತದಲ್ಲ ಮಾರಾಯ್ರೆ! ಕೂತುಕೊಳ್ಳಿ. ಮೊದಲು ನೀರು ಕುಡೀರಿ."

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಪರಮಾನಂದನಿಗೆ ಎಲ್ಲವೂ ಕೇಳಿಸಿತ್ತು. ಅವನು ಬಾದಾಮಿ ಕಡೆಯವನು. ಕರಾವಳಿಗೆ ಬಂದು ನಾಲ್ಕು ವರ್ಷವಾದರೂ ಮೀನಿನ ವಾಸನೆಗೆ ಮೂಗು ಮುರಿಯುತ್ತಾನೆಂದು ಸರಸ ಅವನನ್ನು ಕೆಣಕುತ್ತಲೇ ಇದ್ದಳು. ಹೆಂಗಸನ್ನು ಒಳಗೆ ಕರೆಸಿ, ಹೆಸರು ಕೇಳಿದ.

ಹೆಸರು ಸಿಂಥಿಯಾ. ಕಾಪು ಹತ್ತಿರ ಇನ್ನಂಜೆಯಲ್ಲಿ ಮನೆ, ಮನೆಯ ಮಹಡಿಯೇ ಸ್ಟುಡಿಯೋ. ತೈಲವರ್ಣದ ಕಲಾವಿದೆ. ಹದಿನೈದು ವರ್ಷ ದೋಣಿ, ದೀಪಸ್ತಂಭ, ಸೂರ್ಯಾಸ್ತ ಬರೆದು ಹೋಟೆಲುಗಳಿಗೆ ಕೊಟ್ಟು ಬದುಕಿದವಳಿಗೆ ಒಂದು ದಿನ ಸಾಕಾಗಿಹೋಯಿತಂತೆ. ಮನುಷ್ಯರನ್ನು ಎದುರು ಕೂರಿಸಿ ಬರೆಯಬೇಕೆಂದು ಹೊರಟಳು. ದೋಣಿ ಕಟ್ಟಿ ಹಾಕಿದಲ್ಲಿ ನಿಲ್ಲುತ್ತದೆ, ಮನುಷ್ಯ ನಿಲ್ಲುತ್ತಾನೆಯೇ? ಮೊದಲ ವರ್ಷ ಬರೆದ ಕೈಗಳೆಲ್ಲ ಶುಂಠಿಯ ಗಡ್ಡೆಯಂತಿದ್ದವು ಎಂದು ಅವಳೇ ಹೇಳಿಕೊಂಡಳು. ಬರೆಯುವುದು, ಕೆರೆಯುವುದು, ಅದೇ ಕ್ಯಾನ್ವಾಸಿನ ಮೇಲೆ ಮತ್ತೆ ಬರೆಯುವುದು. ಕೊನೆಗೆ ಒಂದು ಚಿತ್ರ ಕೈಗೂಡಿತು. ಮಣಿಪಾಲದ ಒಂದು ಖಾಸಗಿ ಗ್ಯಾಲರಿಯಲ್ಲಿ ಏಳು ಕಲಾವಿದರ ಪ್ರದರ್ಶನ ಶುಕ್ರವಾರ ಶುರುವಾಗಿ, ಎದುರು ಗೋಡೆಯ ಜಾಗ ಇವಳ ಚಿತ್ರಕ್ಕೇ ಸಿಕ್ಕಿತ್ತು. ಕೊಳ್ಳುವವರೂ ಸಿಕ್ಕಿದ್ದರು.

"ಏನು ಮಾಡಿದ್ದಾರೆ ಚಿತ್ರಕ್ಕೆ? ಹರಿದಿದ್ದಾರಾ?"

"ಹರಿದಿದ್ದರೆ ಹೊಲಿಯಬಹುದಿತ್ತು. ಹಣೆಗೆ ಕೆಂಪು ಬಳಿದಿದ್ದಾರೆ."

"ಎಷ್ಟು?"

ಸಿಂಥಿಯಾ ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸಿದಳು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು.

ಬಾಗಿಲಲ್ಲಿ ನಿಂತಿದ್ದ ಸರಸ ನಗು ತಡೆಯಲು ಕೆಮ್ಮಿದಳು. ಸಿಂಥಿಯಾಳ ಕಣ್ಣು ತುಂಬಿತು. "ನಿಮಗೆ ನಗು ಬರ್ತದೆ. ಆ ಇಡೀ ಚಿತ್ರದಲ್ಲಿ ನಾನು ಕೆಂಪನ್ನೇ ಮುಟ್ಟಲಿಲ್ಲ, ಗೊತ್ತುಂಟಾ? ಕಪ್ಪು, ಬಿಳಿ, ಮಣ್ಣಿನ ಹಳದಿ, ಅಷ್ಟೇ. ಕೆಂಪಿಲ್ಲದೆ ಮನುಷ್ಯರ ಮೈ ಬರೆಯಲು ಆಗ್ತದಾ ಅಂತ ನೋಡುವ ಪ್ರಯೋಗ ಅದು. ಎರಡು ವರ್ಷ ಬೇಕಾಯ್ತು. ಈಗ ಹೋಗಿ ನೋಡಿದರೆ ಕೆಂಪು ಬಿಟ್ಟು ಬೇರೆ ಎಂತದೂ ಕಾಣುವುದಿಲ್ಲ."

ಚಿತ್ರದ ಬೆಲೆ ಲಕ್ಷದ ಮೇಲಿದ್ದುದರಿಂದ ಠಾಣೆಯೇ ನೇರವಾಗಿ ತನಿಖೆ ಮಾಡಬಹುದಾದ ಪ್ರಕರಣವಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 324(5)ರಡಿ ಎಫ್‌ಐಆರ್ ದಾಖಲಾಯಿತು. ಸಂಜೆ ನಾಲ್ಕೂವರೆಗೆ ಪರಮಾನಂದ, ಸರಸ ಗ್ಯಾಲರಿಯಲ್ಲಿದ್ದರು.

ಚಿತ್ರ ಎದುರಿಗೇ ಇತ್ತು. ಬೂದು ಸೀರೆಯ ಒಬ್ಬ ಹೆಂಗಸು ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಾಳೆ. ಕೈಗಳು ಮಡಿಲಲ್ಲಿ. ಕಿಟಕಿಯ ಬೆಳಕು ನೇರ ಹಣೆಗೆ ಬಿದ್ದಿದೆ. ಆಳೆತ್ತರದ ಚಿತ್ರ, ಮುಖ ನೋಡುವವರ ಮುಖಕ್ಕೆ ಸರಿಯಾಗಿ ಬರುತ್ತಿತ್ತು. ಹುಬ್ಬುಗಳ ನಡುವೆ ದುಂಡಗಿನ ಕೆಂಪು ಬೊಟ್ಟು. ಅದೊಂದು ಬಿಟ್ಟರೆ ಚಿತ್ರದ ಕೂದಲೂ ಕೊಂಕಿರಲಿಲ್ಲ.

"ಸರ್, ಹಾಳು ಮಾಡಿದ್ದು ಎಲ್ಲಿ? ಚಂದವೇ ಕಾಣ್ತದಲ್ಲ?" ಎಂದು ಸರಸ ಪಿಸುಗುಟ್ಟಿದಳು. ಸಿಂಥಿಯಾ ತಿರುಗಿ ನೋಡಿದ ನೋಟಕ್ಕೆ ಬಾಯಿ ಮುಚ್ಚಿದಳು.

ಸಿಸಿಟಿವಿ ಇದ್ದದ್ದು ಬಾಗಿಲಿಗೆ ಮಾತ್ರ. ಊಟದ ಹೊತ್ತಿಗೆ, ಒಂದೂವರೆಯಿಂದ ಎರಡೂವರೆಯವರೆಗೆ ಗ್ಯಾಲರಿ ಮುಚ್ಚುತ್ತದೆ. ಮುಚ್ಚುವಾಗ ಹಣೆ ಸರಿಯಿತ್ತು, ತೆರೆದಾಗ ಬೊಟ್ಟಿತ್ತು. ಆ ಒಂದು ಗಂಟೆಯಲ್ಲಿ ಒಳಗೆ ಹೋದವರು ಮೂವರೇ: ಕಾವಲುಗಾರ ಚಂದಪ್ಪ, ಪ್ರದರ್ಶನದ ದಿನಗಳಿಗೆಂದು ಗುತ್ತಿಗೆದಾರ ಕಳಿಸಿದ ಕಸ ಗುಡಿಸುವ ಮುದುಕಿ ರಾಚವ್ವ, ತನ್ನ ಚಿತ್ರದ ಕೊಕ್ಕೆ ಬದಲಿಸಲು ಬಂದ ಕಾರ್ಕಳದ ಕಲಾವಿದ ತಿಲಕ್.

"ತಿಲಕನೇ," ಎಂದಳು ಸಿಂಥಿಯಾ. "ಎದುರು ಗೋಡೆ ಅವನಿಗೆ ಬೇಕಿತ್ತು. ನಿನ್ನೆ ಎಲ್ಲರ ಎದುರು ಜಗಳ ಮಾಡಿದ್ದಾನೆ."

ತಿಲಕ್ ಆಗಲೇ ಊರಿಗೆ ಹೋಗಿದ್ದ. ಉಳಿದಿಬ್ಬರನ್ನು ಪರಮಾನಂದ ಅಲ್ಲೇ ಮಾತಾಡಿಸಿದ. ಚಂದಪ್ಪ ಅವನದೇ ಸೀಮೆಯವನು, ಗುಳೇದಗುಡ್ಡದ ಹತ್ತಿರದ ಹಳ್ಳಿ. ಹಣೆ ತುಂಬ ವಿಭೂತಿ. ಒಳಗಿನ ಕೋಣೆಯಲ್ಲಿ ಬುತ್ತಿ ಬಿಚ್ಚಿ ಉಂಡು ಅಲ್ಲೇ ತೂಕಡಿಸಿದೆ ಎಂದ. ರಾಚವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಕಸಾ ಹೊಡದೆ, ನೆಲಾ ಒರಸಿದೆ, ಹೋದೆರಿ" ಎಂದಳು. ಬರಿದಾದ ಹಣೆ, ಬರಿದಾದ ಕೊರಳು. ಗಂಡ ಇಲ್ಲದವಳು ಎಂದು ನೋಡಿದೊಡನೆ ತಿಳಿಯುತ್ತಿತ್ತು. ಪರಮಾನಂದ ಹೆಚ್ಚೇನೂ ಕೇಳಲಿಲ್ಲ.

ಪಂಚನಾಮೆಗೆ ಎದುರಿನ ಚಹಾದಂಗಡಿಯ ಕೂಸಪ್ಪ ಮತ್ತು ಅವನ ಗಿರಾಕಿಯೊಬ್ಬ ಪಂಚರಾದರು. "ಸಹಿ ಹಾಕಿದ ಮೇಲೆ ಕೋರ್ಟಿಗೆ ಅಲೆಯಬೇಕಾ ಸರ್? ನಾನು ಅಂಗಡಿ ಯಾರ ತಲೆಗೆ ಕಟ್ಟಲಿ?" ಎಂದು ಕೂಸಪ್ಪ ಗೊಣಗುತ್ತಲೇ ಸಹಿ ಹಾಕಿದ. ಬಣ್ಣ ಹಸಿಯಿರಬಹುದು, ಯಾರೂ ಮುಟ್ಟಕೂಡದು ಎಂದು ಸಿಂಥಿಯಾ ಕೂಗಾಡಿದ್ದರಿಂದ, ಚಿತ್ರಕ್ಕೆ ಬಟ್ಟೆ ತಾಗದಂತೆ ಹೊದಿಸಿ ಠಾಣೆಗೆ ಸಾಗಿಸುವಷ್ಟರಲ್ಲಿ ಸಾಕುಬೇಕಾಯಿತು.

ಭಾನುವಾರ ಬೆಳಿಗ್ಗೆ ಜೀಪು ಕಾರ್ಕಳಕ್ಕೆ ಹೋಯಿತು. ತಿಲಕ್ ಮನೆಯ ಹಿಂದಿನ ಶೆಡ್ಡಿನಲ್ಲಿ ಚಿತ್ರ ಬರೆಯುತ್ತಿದ್ದ. ಪೊಲೀಸರನ್ನು ಕಂಡು ಕುಂಚ ಕೆಳಗಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಕೇಳುವ ಮೊದಲೇ "ನಾನಲ್ಲ" ಎಂದ.

"ಏನು ನೀವಲ್ಲ?"

"ಸಿಂಥಿಯಾಳ ಪೇಂಟಿಂಗ್. ನಿನ್ನೆ ಸಂಜೆಯಿಂದ ಎಲ್ಲರೂ ಫೋನ್ ಮಾಡ್ತಾ ಇದ್ದಾರೆ."

"ಜಗಳ ಆಡಿದ್ದು ಹೌದಾ?"

"ಹೌದು. ಗೋಡೆಗಾಗಿ. ಹದಿನೈದು ವರ್ಷ ದೋಣಿ ಬರೆದವಳಿಗೆ ಎದುರು ಗೋಡೆ, ಕಾಲೇಜಿನಿಂದ ಮನುಷ್ಯರನ್ನೇ ಬರೆದ ನನಗೆ ಶೌಚಾಲಯದ ಪಕ್ಕ. ಹೊಟ್ಟೆ ಉರಿಯುವುದಿಲ್ವಾ ಸರ್?"

"ಊಟದ ಹೊತ್ತಿನಲ್ಲಿ ಒಳಗೆ ಎಷ್ಟು ಹೊತ್ತಿದ್ದಿರಿ?"

"ಹತ್ತು ನಿಮಿಷ. ಕೊಕ್ಕೆ ಬದಲಿಸಿ ಬಂದೆ. ಬರುವಾಗ ಅವಳ ಚಿತ್ರದ ಮುಂದೆ ನಿಂತೆ." ತಿಲಕ್ ಕೈ ಒರೆಸಿಕೊಂಡ. "ಸುಳ್ಳು ಯಾಕೆ ಹೇಳಲಿ? ಚಿತ್ರ ಚೆನ್ನಾಗಿಯೇ ಉಂಟು. ಅದಕ್ಕೇ ಇನ್ನಷ್ಟು ಉರಿಯಿತು. ಆಗ ಬೊಟ್ಟು ಇರಲಿಲ್ಲ."

"ನಿಮ್ಮ ಹತ್ತಿರ ಕೆಂಪು ಬಣ್ಣ ಉಂಟಲ್ಲ?"

"ಬೇಕಾದಷ್ಟು ಉಂಟು. ಆದರೆ ಆ ಬೊಟ್ಟು ಹೊಳೆಯುತ್ತಿತ್ತಾ? ಹಸಿ ಇತ್ತಾ?"

ಪರಮಾನಂದ ನೆನಪಿಸಿಕೊಂಡ. ಹೊಳೆದಿರಲಿಲ್ಲ. ಒಣ ಇಟ್ಟಿಗೆಯ ಹುಡಿಯ ಹಾಗೆ ಮಂಕಾಗಿತ್ತು.

"ಹಾಗಾದರೆ ಅದು ಆಯಿಲ್ ಪೇಂಟೇ ಅಲ್ಲ. ನಮ್ಮ ಬಣ್ಣ ಎರಡು ಮೂರು ಗಂಟೆಯಲ್ಲಿ ಒಣಗುವುದಾಗಿದ್ದರೆ ನಾವೆಲ್ಲ ಯಾವಾಗಲೋ ಉದ್ಧಾರ ಆಗ್ತಿದ್ದೆವು. ವಾರಗಟ್ಟಲೆ ಕಾಯಬೇಕು ಸರ್. ಸಿಂಥಿಯಾಳಿಗೂ ಇದು ಗೊತ್ತುಂಟು. ಸಿಟ್ಟಿನಲ್ಲಿ ಅವಳಿಗೆ ತಲೆ ಓಡಲಿಲ್ಲ, ಅಷ್ಟೇ."

ವಾಪಸು ಬಂದ ಪರಮಾನಂದ ಊಟವನ್ನೂ ಮಾಡದೆ, ಜಪ್ತಿಯಾದ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆಯ ಬಾಗಿಲು ತೆಗೆಸಿದ. ಬಟ್ಟೆ ಸರಿಸಿ, ಬೊಟ್ಟಿನ ಅಂಚಿಗೆ ಉಗುರು ತಾಗಿಸಿದ. ಕೆಂಪು ಹುಡಿ ಉಗುರಿಗೆ ಬಂತು. ಅದರ ಕೆಳಗೆ ಮೆತ್ತಗೆ ಜಿಡ್ಡಾದ ಒಂದು ಪದರ. ಮೂಸಿದ. ಒಮ್ಮೆಲೇ ಬಾದಾಮಿಯ ಮನೆಯ ಪಡಸಾಲೆ, ಗೋಡೆಯ ಕನ್ನಡಿ, ಕನ್ನಡಿ ಮುಂದೆ ನಿಂತ ಅವ್ವ ಎಲ್ಲ ಕಣ್ಣೆದುರಿಗೆ ಬಂದವು.

"ಸರಸಕ್ಕ, ಇದು ಕುಂಕುಮ. ಕೆಳಗೆ ಮೇಣ ಹಚ್ಚಿ ಮೇಲೆ ಕುಂಕುಮ ಒತ್ತಿದ್ದಾರೆ."

"ಮೇಣ ಎಂತಕ್ಕೆ?"

"ನಮ್ಮ ಕಡೆ ಹಳೆಯ ಪದ್ಧತಿ. ಬೆವರಿದರೂ ಉದುರಬಾರದು, ದಿನವಿಡೀ ಹೊಲದಲ್ಲಿ ದುಡಿದರೂ ಅಳಿಸಬಾರದು. ಮೊದಲು ಬೆರಳಲ್ಲಿ ಮೇಣದ ಗುಂಡು ಬೊಟ್ಟು, ಅದರ ಮೇಲೆ ಕುಂಕುಮ. ನಮ್ಮ ಅವ್ವ ಹಾಗೇ ಹಚ್ಚಿಕೊಳ್ಳುತ್ತಿದ್ದಳು."

ಸರಸ ಬಗ್ಗಿ ನೋಡಿದಳು. "ಹಾಗಾದರೆ ನಿಮ್ಮ ಕಡೆಯವರದ್ದೇ ಕೆಲಸ. ಆ ಗುಡಿಸುವ ಅಜ್ಜಿ?"

"ಅವಳು ವಿಧವೆ. ಗಂಡ ಸತ್ತವಳು ಕುಂಕುಮದ ಬಟ್ಟಲು ಮುಟ್ಟುವುದಿಲ್ಲ. ಇನ್ನೊಬ್ಬಳ ಹಣೆಗೆ ಹಚ್ಚುವುದಂತೂ ಸಾಧ್ಯವೇ ಇಲ್ಲ. ಅವಳನ್ನು ಬಿಡಿ."

"ಬಿಡುವುದಾ?"

"ಬಿಡಿ ಅಂದೆನಲ್ಲ."

ಅದು ಅವನು ಮಾಡಿದ ತಪ್ಪು. ಪೇಟೆಯಲ್ಲಿ ಹುಟ್ಟಿ ಬೆಳೆದ ಅಧಿಕಾರಿ ಮಾಡುವಂಥದ್ದಲ್ಲ, ಬಾದಾಮಿಯ ಪಡಸಾಲೆಯಲ್ಲಿ ಬೆಳೆದವನು ಮಾತ್ರ ಮಾಡುವಂಥದ್ದು. ಅಪ್ಪ ಹೋದ ಮರುದಿನದಿಂದ ಅವ್ವ ಆ ಕನ್ನಡಿಯ ಎದುರು ನಿಂತದ್ದನ್ನು ಅವನು ಕಂಡಿರಲಿಲ್ಲ.

ಚಂದಪ್ಪನನ್ನು ಕರೆಸಿ ಕೇಳಿದ್ದಾಯಿತು. "ನಾ ಒಬ್ಬಾವನ ಇರೂದ್ರಿ ಸಾಹೇಬ್ರ. ಹೆಣ್ತಿ ಊರಾಗ. ನನ್ನ ಖೋಲ್ಯಾಗ ವಿಭೂತಿಗಟ್ಟಿ ಬಿಟ್ರ ಏನೈತಿ?" ಎಂದ. ಖೋಲಿ ನೋಡಿದರೆ ನಿಜವೇ ಇತ್ತು.

ಉಳಿದದ್ದು ಚಿತ್ರದಲ್ಲಿ ಕೂತವಳು; ಒಳಗೆ ಹೋದವರಿಗೂ ಅವಳಿಗೂ ಏನಾದರೂ ನಂಟಿದೆಯೇ ಎಂದು ನೋಡಬೇಕಿತ್ತು. ಭಾನುವಾರ ಸಂಜೆ ಪರಮಾನಂದ ಇನ್ನಂಜೆಗೆ ಹೋಗಿ ಸಿಂಥಿಯಾಳನ್ನು ಕಂಡ. ಮಹಡಿಯ ತುಂಬ ಎಣ್ಣೆಯ, ಟರ್ಪಂಟೈನಿನ ವಾಸನೆ. ಗೋಡೆಗೆ ಒರಗಿಸಿದ ಹತ್ತಾರು ಹೆಂಗಸರಿಗೆ ಮುಖವಿರಲಿಲ್ಲ, ಕೆಲವರಿಗೆ ಕೈಯಿರಲಿಲ್ಲ. ಸೋತ ಪ್ರಯೋಗಗಳು ಎಂದಳು ಸಿಂಥಿಯಾ.

"ಕೂತವರು ಯಾರು?"

"ಅಶ್ವಿನಿ ಅಂತ. ಕಟಪಾಡಿಯಲ್ಲಿ ಇರುವುದು. ನಿಮ್ಮ ಬದಿಯವಳೇ. ಮನೆ ಕೆಲಸಕ್ಕೆ ಬರ್ತಿದ್ದಳು. ಒಂದು ದಿನ ಇಲ್ಲಿ ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದಳು, ಆಹಾ, ಎಂತ ಕೂತದ್ದು ಮಾರಾಯ್ರೆ! ಕಲ್ಲಿನ ಹಾಗೆ. ಈ ಊರಲ್ಲಿ ಚಿತ್ರಕ್ಕೆ ಕೂರುತ್ತೀರಾ ಅಂತ ಕೇಳಿದರೆ ಜನ ನನ್ನನ್ನೇ ಮೇಲೆ ಕೆಳಗೆ ನೋಡ್ತಾರೆ. ಅವಳು ಮಾತ್ರ ಆಯ್ತು ಅಂದಳು. ಮನೆಯಲ್ಲಿ ಹೇಳಬೇಡಿ ಅಂತ ಒಂದೇ ಮಾತು."

"ಹಣೆಗೆ ಕುಂಕುಮ ಇರಲಿಲ್ಲವಾ ಅವಳಿಗೆ?"

"ಇತ್ತು. ದಿನಾ ಹಚ್ಚಿಕೊಂಡೇ ಬರ್ತಿದ್ದಳು. ಇಲ್ಲಿ ಬಂದು ನಲ್ಲಿಯಲ್ಲಿ ಮುಖ ತೊಳೆದು, ಚೆನ್ನಾಗಿ ಒರೆಸಿ, ಆಮೇಲೆ ಕೂರುವುದು. ಹೋಗುವಾಗ ಬ್ಯಾಗಿನಿಂದ ಸಣ್ಣ ಡಬ್ಬಿ ತೆಗೆದು ಮತ್ತೆ ಹಚ್ಚಿಕೊಳ್ಳುವುದು."

"ನೀವು ಹೇಳಿದ್ದಿರಾ ಅಳಿಸಲು?"

"ಇಲ್ಲ. ನಾನು ಸೀರೆ ಬೂದು ಇರಲಿ, ಕೆಂಪು ಬೇಡ ಅಂದದ್ದು ಮಾತ್ರ. ಅವಳೇ ಅಳಿಸಿದಳು. ನನಗೆ ಎಷ್ಟು ಖುಷಿಯಾಯ್ತು ಅಂದರೆ, ನೋಡಿ, ಬಾಯಿಬಿಟ್ಟು ಹೇಳದೆಯೇ ನನ್ನ ಪ್ರಯೋಗ ಇವಳಿಗೆ ಅರ್ಥ ಆಯ್ತಲ್ಲ ಅಂತ."

"ಯಾಕೆ ಅಂತ ಕೇಳಲಿಲ್ಲ?"

ಸಿಂಥಿಯಾ ಕುಂಚಗಳ ಡಬ್ಬಿಯನ್ನು ಆಚೆ ಸರಿಸಿದಳು. "ನಮ್ಮ ಮನೆಯಲ್ಲಿ ಯಾರೂ ಕುಂಕುಮ ಇಡುವವರಲ್ಲ ಸರ್. ನನಗೆ ಹಣೆಯ ಬೆಳಕು ಬೇಕಿತ್ತು. ಸಿಕ್ಕಿತು. ಕೇಳಲಿಲ್ಲ."

ಸೋಮವಾರ ಬೆಳಿಗ್ಗೆ ಕಟಪಾಡಿ. ಪೇಟೆಯ ಹಿಂದಿನ ಸಾಲು ಬಾಡಿಗೆ ಕೋಣೆಗಳಲ್ಲಿ ಕೊನೆಯದು. ಅಶ್ವಿನಿಗೆ ಇಪ್ಪತ್ತೈದರ ಆಸುಪಾಸು. ಹಣೆಯಲ್ಲಿ ದುಂಡಗೆ ಕುಂಕುಮ, ಮೇಣ ಹಚ್ಚಿಯೇ ಇಟ್ಟದ್ದು. ಪೊಲೀಸರನ್ನು ಕಂಡದ್ದೇ ತಡ, ಬಾಗಿಲ ಚೌಕಟ್ಟು ಹಿಡಿದುಕೊಂಡು, "ಸಿಕ್ಕರೇನ್ರಿ?" ಎಂದಳು.

"ಯಾರು?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಪರಮಾನಂದ ತನ್ನ ಊರಿನ ಮಾತಿಗೆ ಇಳಿದ. "ಏನೂ ಅಂಜಬ್ಯಾಡವ್ವಾ. ಸಿಂಥಿಯಾ ಅಮ್ಮಾರ ಚಿತ್ರದ ಸಲುವಾಗಿ ಬಂದೀವಿ. ಯಾರು ಸಿಕ್ಕರೇನಂತ ಕೇಳಿದಿ?"

"ನಮ್ಮ ಮನಿಯವ್ರರಿ. ಭೀಮೇಶ." ಅವಳ ಧ್ವನಿ ಇಳಿಯಿತು. "ಮಲ್ಪೆ ಬೋಟಿನ್ಯಾಗ ದುಡೀತಿದ್ರು. ಏಪ್ರಿಲ್ ತಿಂಗಳದಾಗ ಹೋದ ಬೋಟು ವಾಪಸ್ ಬಂತು, ಅವ್ರು ಬರಲಿಲ್ಲ. ಬೆಳಗಾಗಿ ನೋಡಿದ್ರ ಬೋಟಿನ್ಯಾಗ ಇರಲಿಲ್ಲಂತ. ಕಂಪ್ಲೇಂಟ್ ಕೊಟ್ಟೀವ್ರಿ."

ಸರಸ ತಲೆಯಾಡಿಸಿದಳು. ಕಡಲಿನ ಮನೆಯವಳಿಗೆ ಇನ್ನು ಹೆಚ್ಚು ಹೇಳಬೇಕಾದದ್ದು ಏನೂ ಇರಲಿಲ್ಲ. ಹೆಣ ಸಿಕ್ಕಿಲ್ಲ, ಕಡತದಲ್ಲಿ ಭೀಮೇಶ ಇವತ್ತಿಗೂ ನಾಪತ್ತೆಯಾದವನು, ಸತ್ತವನಲ್ಲ.

ಬಾಗಿಲಿನ ಸಿಸಿಟಿವಿಯಲ್ಲಿ ಅವಳು ಕಂಡಿರದಿದ್ದರೂ, ಶನಿವಾರ ಮಧ್ಯಾಹ್ನ ಎಲ್ಲಿದ್ದೆ ಎಂದು ಪರಮಾನಂದ ಕ್ರಮಕ್ಕೆ ಕೇಳಿದ. ಕಾಪುವಿನ ಮೀನು ಸ್ವಚ್ಛಮಾಡುವ ಶೆಡ್ಡಿನಲ್ಲಿ ಎಂದಳು. ಸರಸ ಫೋನು ಹಚ್ಚಿ ಅಲ್ಲಿನ ಮೇಸ್ತ್ರಿಯಿಂದ ಖಾತ್ರಿ ಮಾಡಿಕೊಂಡಳು. ಅವನು ಸರಸಳಿಗೆ ದೂರದ ಸಂಬಂಧಿಕನೂ ಆಗಬೇಕಿತ್ತು. ಚಿತ್ರವನ್ನು ಅಶ್ವಿನಿ ಇನ್ನೂ ಕಣ್ಣಿಂದ ನೋಡಿರಲೇ ಇಲ್ಲ. ಕೊನೆಯ ದಿನ ಬಾ, ಜನ ಕಡಿಮೆ ಇರುತ್ತಾರೆ ಎಂದು ಸಿಂಥಿಯಾ ಹೇಳಿದ್ದಳಂತೆ.

"ಆ ಚಿತ್ರಕ್ಕ ಯಾರೋ ಕುಂಕುಮ ಹಚ್ಚ್ಯಾರ. ಮೇಣದ ಮ್ಯಾಲ."

ಅಶ್ವಿನಿಯ ಕೈ ತಂತಾನೇ ಹಣೆಗೆ ಹೋಯಿತು.

"ಕೂಡೋ ಮುಂದ ನೀ ಅಳಸ್ತಿದ್ದಿ ಅಂತಲ್ಲ. ಯಾಕ?"

ಅಶ್ವಿನಿ ಹಣೆಯಿಂದ ಕೈ ಇಳಿಸಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಕಡಲಾಗ ಬಿದ್ದಾವ್ರು ಎಂಟು ತಿಂಗಳಿಗೆ ತಿರುಗಿ ಬರ್ತಾರೇನ್ರಿ ಸಾಹೇಬ್ರ? ಇಲ್ಲ ಅನ್ನೋದು ನನಗ ಗೊತ್ತೈತ್ರಿ. ಆದ್ರ ಮನ್ಯಾಗ ಅತ್ತಿ ಅದಾರ. ಮಗಾ ಬರ್ತಾನಂತ ಇವತ್ತಿಗೂ ಒಂದು ತಾಟು ಹೆಚ್ಚಿಗಿ ತೊಳೆದು ಇಡ್ತಾರ. ಅವ್ರ ಮುಂದ ಬರೇ ಹಣೀಲೆ ಹ್ಯಾಂಗ ನಿಲ್ಲಲಿ? ಅದಕ್ಕ ಹಚ್ಕೋತೀನಿ. ಅಮ್ಮಾರ ಮಹಡಿ ಮ್ಯಾಲ ಒಂದು ತಾಸು ಅಳಿಸಿ ಕೂಡ್ತಿದ್ದೆ. ಅಲ್ಲಿ ಅಷ್ಟ ನಾ ಖರೆ ಇರ್ತಿದ್ದೆರಿ." ಕಣ್ಣೊರೆಸಿಕೊಂಡಳು. "ಅತ್ತಿಗೆ ಮಾತ್ರ ಹೇಳಬ್ಯಾಡ್ರಿ. ಅಮ್ಮಾರು ಹಂಗ ಬರದಾರಂತ ಹೇಳ್ರಿ. ನಾ ಅಳಿಸಿದ್ದು ಗೊತ್ತಾದ್ರ ಮುದುಕಿ ಉಳಿಯಾಕಿಲ್ಲ."

ಏನಾದರೂ ಕೇಳಬೇಕಲ್ಲ ಎಂದು ಪರಮಾನಂದ ಕೇಳಿದ. "ಅತ್ತಿ ಎಲ್ಲ್ಯದಾರ ಈಗ?"

"ಮಣಿಪಾಲಕ್ಕ ಹೋಗ್ಯಾರ್ರಿ. ಕಸಾ ಗುಡಿಸೋ ಕೆಲಸಾ, ಒಂದೊಂದು ಸಲ ಒಂದೊಂದು ಕಡೆ ಕಳಸ್ತಾರ. ಮೊನ್ನೆ ಶನಿವಾರ ಮುಂಜಾನೆ ನನ್ನ ಕುಂಕುಮದ ಡಬ್ಬಿ ಸಿಗಲಿಲ್ಲ, ಸಂಜಿಗೆ ಅವರ ಚೀಲದಾಗ ಸಿಕ್ತು. ತಪ್ಪಿ ಬಿತ್ತು ಅಂದ್ರು..." ಹೇಳುತ್ತ ಹೇಳುತ್ತ ಅಶ್ವಿನಿಯೇ ನಿಂತುಬಿಟ್ಟಳು.

"ಹೆಸರೇನು ಅತ್ತಿದು?"

"ರಾಚವ್ವ."

ಸರಸ ಇನ್‌ಸ್ಪೆಕ್ಟರನ ಮುಖ ನೋಡಲಿಲ್ಲ, ಹೊರಗೆ ನೋಡಿದಳು. ನಾನು ಹೇಳಿದ್ದೆನಲ್ಲ ಎಂದು ಒಂದು ಮಾತು ಆಡಿದ್ದರೂ ನ್ಯಾಯವೇ ಆಗುತ್ತಿತ್ತು.

ಗ್ಯಾಲರಿಯಲ್ಲಿ ರಾಚವ್ವ ನೆಲ ಒರೆಸುತ್ತಿದ್ದಳು. ಎದುರು ಗೋಡೆ ಖಾಲಿಯಾಗಿತ್ತು.

"ಯವ್ವಾ, ಆ ಚಿತ್ರಕ್ಕ ಕುಂಕುಮ ಹಚ್ಚಿದಾಕಿ ನೀನೇನು?"

ಮುದುಕಿ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. "ಹೂನ್ರಿ."

ಬೆಟ್ಟ ಅಗೆದವನಿಗೆ ಇಲಿ ತಾನೇ ಬಂದು ಎದುರು ಕೂತ ಹಾಗಾಯಿತು. ಪರಮಾನಂದ ಮುಂದಿನ ಪ್ರಶ್ನೆ ಹುಡುಕಬೇಕಾಯಿತು. "ಮೊನ್ನೆ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

"ಯಾಕ ಹಚ್ಚಿದಿ?"

"ಶುಕ್ರವಾರ ಕಸಾ ಹೊಡಿಯಾಕ ಬಂದೆ. ತಲಿ ಎತ್ತಿ ನೋಡಿದ್ರ ನನ್ನ ಸೊಸಿ! ಖರೇನ ಅಕೀನ. ಬೂದು ಸೀರಿ, ಬರೇ ಹಣಿ. ಎದಿ ಧಸಕ್ ಅಂತು. ಅಮ್ಮಾರು ಕಿರಸ್ತಾನರು, ಅವರಿಗೆ ಪದ್ಧತಿ ಇಲ್ಲ, ಕುಂಕುಮ ಬರೆಯೂದು ಮರತಾರಂತ ತಿಳಕೊಂಡೆ. ಕುಂತಾಕಿ ನೋಡಾಕ ಬಂದ ಬರ್ತಾಳಲ್ರಿ. ಗಂಡ ಬರ್ತಾನ ಬರ್ತಾನಂತ ದಿನಾ ಮುಂಜಾನೆ ಕನ್ನಡಿ ಮುಂದ ನಿಂತು ಹಚ್ಕೊಳ್ಳಾಕಿ ಅಕಿ. ತನ್ನ ಮಾರಿ ಹಿಂಗ ನೋಡಿದ್ರ ಎದಿ ಒಡಕೊಂಡು ಸಾಯ್ತಾಳ. ಅದಕ್ಕ ಡಬ್ಬಿ ತಂದು ಹಚ್ಚಿದೆ."

"ಮಗಾ ಬರ್ತಾನಂತ ನಿನಗ ನಂಬಿಕಿ ಐತೇನು?"

ರಾಚವ್ವ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟಳು. "ಹೆತ್ತ ಹೊಟ್ಟಿಗೆ ಗೊತ್ತಾಗಾಕಿಲ್ಲೇನೋ ಯಪ್ಪಾ? ಅವಾ ಎಂದೋ ಹೋದ. ಆ ತಾಟು ನಾ ಅಕಿ ಸಲುವಾಗಿ ತೊಳೀತೀನಿ. ಅಕಿ ಕುಂಕುಮ ಇಡೂತನಕ ನಾ ಹ್ಯಾಂಗ ಬಾಯಿ ಬಿಡಲಿ? ಹರೇದ ಹುಡುಗಿ."

ಪರಮಾನಂದನ ಬಾಯಿಂದ ತನಿಖೆಗೆ ಬೇಕಿಲ್ಲದ ಒಂದು ಪ್ರಶ್ನೆ ಬಂತು. "ನೀ ಕುಂಕುಮ ಮುಟ್ಟಬಾರದಲ್ಲವ್ವಾ?"

"ಮುಟ್ಟಬಾರದು. ಇಪ್ಪತ್ತು ವರ್ಷ ಆಗಿತ್ತು ಮುಟ್ಟಿ. ಆ ಪಾಪ ನನಗ ಬರಲಿ ಅಂದು ಹಚ್ಚಿದೆ."

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ, ಮಹಿಳಾ ಸಿಬ್ಬಂದಿಯ ಎದುರು, ಕಾರಣ ತಿಳಿಸಿ ಬಂಧಿಸಿದ್ದಾಯಿತು. ಜಾಮೀನು ಸಿಗುವ ಅಪರಾಧ, ಸಂಜೆಗೆ ಮನೆಗೆ ಹೋಗಬಹುದು ಎಂದು ಸರಸ ಎರಡೆರಡು ಸಲ ಹೇಳಿದಳು. ಮುದುಕಿಗೆ ಜಾಮೀನಿನ ಚಿಂತೆ ಇರಲಿಲ್ಲ. ಜೀಪಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು. "ಸೊಸಿಗೆ ಹೇಳಬ್ಯಾಡ್ರಿ. ಮುದುಕಿಗೆ ತಲಿ ಕೆಟ್ಟಿತ್ತು ಅನ್ರಿ ಬೇಕಾದ್ರ."

ಬಂಧಿಸಿದ ಮೇಲೆ ಹತ್ತಿರದ ಸಂಬಂಧಿಕರಿಗೆ ತಿಳಿಸಲೇಬೇಕೆಂಬುದು ಕಾನೂನು. ರಾಚವ್ವಳಿಗೆ ಇದ್ದ ಸಂಬಂಧಿಕಳು ಒಬ್ಬಳೇ. ಅತ್ತೆಗೆ ಹೇಳಬೇಡ ಎಂದು ಸೊಸೆ, ಸೊಸೆಗೆ ಹೇಳಬೇಡ ಎಂದು ಅತ್ತೆ; ಇಬ್ಬರ ಮಾತೂ ಪರಮಾನಂದನ ಹೊಟ್ಟೆಯಲ್ಲಿತ್ತು. ದೋಷಾರೋಪ ಪಟ್ಟಿಯಲ್ಲಿ ಉದ್ದೇಶ ಬರೆಯದೆ ಇರುವ ಹಾಗಿಲ್ಲ. ಸುಳ್ಳು ಬರೆದರೆ ನೌಕರಿಗೆ ದ್ರೋಹ, ಸತ್ಯ ಬರೆದರೆ ಆ ಮನೆಯ ಒಲೆ ಆರೀತು ಎಂದು ಅವನಿಗೆ ಹೆದರಿಕೆ. ಇಷ್ಟು ವರ್ಷದಲ್ಲಿ ಯಾವ ಕೊಲೆಗಾರನೂ ಅವನನ್ನು ಹೀಗೆ ಸಿಕ್ಕಿಸಿರಲಿಲ್ಲ.

ಎರಡು ಗಂಟೆಗೆ ಅಶ್ವಿನಿ ಬಂದಳು. ಸಿಂಥಿಯಾಳೂ ಬಂದಿದ್ದಳು, ವಿಷಯ ಅವಳಿಗೆ ಫೋನಿನಲ್ಲಿ ತಿಳಿದಿತ್ತು. "ನನ್ನ ಬಣ್ಣದ ಹುಚ್ಚಿನಲ್ಲಿ ಎದುರು ಕೂತವಳ ಮುಖ ನೋಡಲೇ ಇಲ್ಲವಲ್ಲ ಸರ್," ಎಂದು ಸರಸಳ ಮೇಜಿನ ಬಳಿ ಕೂತು ಅಳುತ್ತಿದ್ದಳು. ಕೇಸು ವಾಪಸು ಬೇಕು ಎಂದಳು. ರಾಜಿ ಆಗಬಹುದು, ಆದರೆ ಅದು ನ್ಯಾಯಾಲಯದಲ್ಲೇ ಆಗಬೇಕು ಎಂದು ಪರಮಾನಂದ ತಿಳಿಸಿದ.

ಸೊಸೆಯನ್ನು ಕಂಡದ್ದೇ ರಾಚವ್ವ ಬೆಂಚಿನಿಂದ ಎದ್ದಳು. "ಸಿಟ್ಟಾಗಬ್ಯಾಡ ನನ್ನವ್ವಾ. ಪಾಪ, ಅಮ್ಮಾರು ಬರೆಯೂದು ಮರತಿದ್ರು. ನಾ ಒಂದೀಟು ಹಚ್ಚಿದೆ ಅಷ್ಟ. ಭೀಮೇಶ ಬಂದು ನೋಡಿದ್ರ..."

"ಅಮ್ಮಾರು ಮರತಿಲ್ಲ ಅತ್ತಿ," ಎಂದಳು ಅಶ್ವಿನಿ.

ಪರಮಾನಂದ ತಡೆಯಲು ಕೈ ಎತ್ತಿದ, ತಡೆಯಲಿಲ್ಲ.

"ನಾನ ಅಳಿಸಿ ಕುಂತಿದ್ದೆ. ಅವ್ರು ಬರಾಂಗಿಲ್ಲ. ನಂಗೊತ್ತೈತಿ. ನಿಮ್ಮ ಸಲುವಾಗಿ ಮನ್ಯಾಗ ಹಚ್ಕೋತಿದ್ದೆ. ನನ್ನ ಸಲುವಾಗಿ ನೀವು ಠಾಣೆಕ್ಕ ಬಂದ ಮ್ಯಾಲ ಇನ್ನ ಹ್ಯಾಂಗ ಸುಳ್ಳ ಹೇಳಲಿ?"

ರಾಚವ್ವ ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ನಿನಗ ಗೊತ್ತಿತ್ತ?"

"ನಿಮಗ?"

ಮುದುಕಿಯ ಬಾಯಿಂದ ಮಗನ ಹೆಸರೊಂದು ಕೂಗಾಗಿ ಬಂತು, ಎಂಟು ತಿಂಗಳು ಅದುಮಿಟ್ಟ ಕೂಗು. ಅಶ್ವಿನಿಯೂ ಕೂಗಿದಳು. ಇಬ್ಬರೂ ತೆಕ್ಕೆಬಿದ್ದು ಠಾಣೆಯ ನೆಲದ ಮೇಲೆ ಕೂತು, ಸತ್ತ ಮನೆಯಲ್ಲಿ ಅಳುವ ಹಾಗೆ ಭೀಮೇಶನ ಒಂದೊಂದು ಗುಣ ಹೇಳಿಕೊಂಡು ಅತ್ತರು. ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದವನು ನಿಲ್ಲಿಸಿದ. ಪಾಸ್‌ಪೋರ್ಟ್ ವಿಚಾರಣೆಗೆ ಬಂದವರನ್ನು ಸರಸ ಆಮೇಲೆ ಬನ್ನಿ ಎಂದು ಕಳಿಸಿದಳು.

ಪರಮಾನಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಬರೆದ. "ಆರೋಪಿಗೆ ದೂರುದಾರರ ಮೇಲೆ ದ್ವೇಷವಿರುವುದಿಲ್ಲ. ಚಿತ್ರವನ್ನು ಹಾಳು ಮಾಡುವ ಇರಾದೆಯೂ ಇರುವುದಿಲ್ಲ. ತನ್ನ ಸೊಸೆಗೆ ದುಃಖವಾಗಬಾರದೆಂಬ ಒಂದೇ ಕಾರಣಕ್ಕೆ ಕೃತ್ಯ ಎಸಗಿರುವುದು ತನಿಖೆಯಿಂದ ತಿಳಿದುಬಂದಿರುತ್ತದೆ." ಓದಿ ನೋಡಿದ. ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಜಾಮೀನಿಗೆ ಸಿಂಥಿಯಾಳ ನೆರೆಮನೆಯ ಜಾರ್ಜ್ ಸಹಿ ಹಾಕಿದ. ಹೆಬ್ಬೆಟ್ಟಿನ ಶಾಯಿ ಸೆರಗಿಗೆ ಒರೆಸಿಕೊಂಡು ಹೊರಟ ರಾಚವ್ವ ಬಾಗಿಲಲ್ಲಿ ತಿರುಗಿ ನಿಂತಳು.

"ಸಾಹೇಬ್ರ, ನೀವು ನಮ್ಮ ಕಡಿಯವರು, ಹೇಳ್ರಿ. ಅವನ ದಿವಸ-ಕರ್ಮ ಮಾಡಬೇಕಲ್ರಿ. ಯಾವತ್ತಿಂದ ಲೆಕ್ಕ ಹಿಡೀಬೇಕು?"

ಮಲ್ಪೆಯಿಂದ ತರಿಸಿದ ಕಡತ ಓದಿದ್ದ ಪರಮಾನಂದನಿಗೆ ಭೀಮೇಶ ನಾಪತ್ತೆಯಾದ ತಾರೀಕು ಗೊತ್ತಿತ್ತು. ಬೋಟು ದಡಕ್ಕೆ ಬಂದ ತಾರೀಕು, ದೂರು ದಾಖಲಾದ ತಾರೀಕು, ಎಲ್ಲವೂ ಗೊತ್ತಿತ್ತು. ಅವನು ಅಶ್ವಿನಿಯ ಕಡೆ ನೋಡಿದ.

ಅಶ್ವಿನಿ ಅತ್ತೆಯ ಕೈ ಹಿಡಿದುಕೊಂಡಳು. "ಇವತ್ತಿಂದ ಹಿಡಿಯೋಣ ಅತ್ತಿ. ನಮ್ಮ ಮನಿಗೆ ಸುದ್ದಿ ಬಂದಿದ್ದು ಇವತ್ತ ಅಲ್ಲೇನು?"